ಪರರ ಕೇಬಲ್ಲಿಗೆ ನಮ್ಮ ಮೊಬೈಲ್

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಮೂರು ನಾಲ್ಕು ದಿನ ಕರೆಂಟು ಇರುವುದಿಲ್ಲ. ಆಗ ಪೇಟೆಯಲ್ಲಿ ಇನ್ವರ್ಟರ್ ಇರುವ ಅಂಗಡಿಯಲ್ಲಿ ಮೊಬೈಲನ್ನು ಚಾರ್ಜಿಗೆ ಇಟ್ಟು ಬರುತ್ತೇವೆ. ಶಿವಮೊಗ್ಗಕ್ಕೆ ಆಸ್ಪತ್ರೆ ಕೆಲಸಕ್ಕೆ ಹೋದಾಗ ಬಸ್ಸಿನಲ್ಲೋ ಬಸ್ ನಿಲ್ದಾಣದಲ್ಲೋ ಚಾರ್ಜ್ ಮಾಡುವುದುಂಟು. ‘ಸಾರ್ವಜನಿಕ ಜಾಗದಲ್ಲಿ ಕೇಬಲ್ ಚುಚ್ಚಿದರೆ ಬ್ಯಾಂಕ್ ಖಾತೆ ಖಾಲಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಬೆಂಗಳೂರಿನಲ್ಲಿರುವ ಮಗ ಮಾಹಿತಿ ಹೋಗದಂತೆ ತಡೆದು ಚಾರ್ಜ್ ಮಾತ್ರ ಆಗಲು ಬಿಡುವ ‘ಡೇಟಾ ಬ್ಲಾಕರ್’ ಎಂಬ ಸಣ್ಣ ಸಾಧನವನ್ನು ಕಳುಹಿಸಿದ್ದಾನೆ. ಅದನ್ನು ಹಾಕಿದರೆ ಚಾರ್ಜ್ ಏರುವುದೇ ಇಲ್ಲ. ಅಡಿಕೆ ಹಣ ಬರುವ ಖಾತೆಯ ಆ್ಯಪ್ ಇದೇ ಮೊಬೈಲಿನಲ್ಲಿದೆ. ನಾವು ಏನು ಮಾಡಬೇಕು? (ಪಹಣಿ, ಬೆಳೆ ವಿಮೆಯ ಕಾಗದ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಯಲ್ಲಿ ಕೇಬಲ್ ಹಾಕಲು ಮೊಬೈಲ್ ಕೊಡುತ್ತೇವೆ. ಅದರಿಂದ ತೊಂದರೆ ಇಲ್ಲ ತಾನೆ?)

ಉತ್ತರ: ಬಸ್ ನಿಲ್ದಾಣದ ಭಯಕ್ಕೆ ನಿಮ್ಮ ಪತ್ರದಲ್ಲಿ ಬೇಕಾದಷ್ಟು ಜಾಗ ಸಿಕ್ಕಿದೆ. ಜೆರಾಕ್ಸ್ ಅಂಗಡಿ ಮಾತ್ರ ಕೊನೆಯಲ್ಲಿ, ಆವರಣದೊಳಗೆ, ಇದೂ ಒಂದಿರಲಿ ಎಂಬಂತೆ ಬಂದಿದೆ. ನಾನಾದರೆ ಬಸ್ ನಿಲ್ದಾಣವನ್ನು ಆವರಣದೊಳಗೆ ಹಾಕಿ ಜೆರಾಕ್ಸ್ ಅಂಗಡಿಯನ್ನು ಮೊದಲ ಸಾಲಿಗೆ ತರುತ್ತಿದ್ದೆ. ಮೊಬೈಲಿನ ಬೀಗವನ್ನು ಕೇಬಲ್ ತಾನಾಗಿ ಒಡೆದು ಒಳನುಗ್ಗುವುದು ಬಹಳ ಅಪರೂಪ. ಬೀಗ ತೆಗೆದು, ಪರದೆಯ ಮೇಲೆ ಬಂದ ಪ್ರಶ್ನೆಯನ್ನು ಓದದೆ ‘ಸರಿ’ ಎಂದು ಒತ್ತಿ, ನಾವೇ ಒಳಗೆ ಬಿಟ್ಟುಕೊಳ್ಳುವುದು ದಿನನಿತ್ಯದ ಮಾತು.

ಮೊದಲು ಕೇಬಲ್ಲನ್ನೇ ನೋಡೋಣ. ಚಾರ್ಜರಿಗೆ ಸಿಕ್ಕಿಸುವ ಅಗಲ ಬಾಯಿಯ ಹಳೆಯ ಮಾದರಿಯ ತುದಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಸಾಮಾನ್ಯವಾಗಿ ನಾಲ್ಕು ಲೋಹದ ಗೆರೆಗಳು ಕಾಣುತ್ತವೆ. ಅಂಚಿನ ಎರಡು ಸ್ವಲ್ಪ ಉದ್ದ, ನಡುವಿನ ಎರಡು ಸ್ವಲ್ಪ ಗಿಡ್ಡ. ಉದ್ದದವು ವಿದ್ಯುತ್ತಿಗೆ, ಗಿಡ್ಡದವು ಮಾಹಿತಿಗೆ. ಚುಚ್ಚಿದಾಗ ಮೊದಲು ವಿದ್ಯುತ್ತು ತಾಗಲಿ, ಆಮೇಲೆ ಮಾಹಿತಿಯ ಗೆರೆಗಳು ಕೂಡಲಿ ಎಂದೇ ಈ ಉದ್ದದ ವ್ಯತ್ಯಾಸ ಇಟ್ಟಿದ್ದಾರೆ. ನಿಮ್ಮ ಮಗ ಕಳುಹಿಸಿದ ಬ್ಲಾಕರಿನ ಬಾಯಿಯಲ್ಲಿ ಬಹುಶಃ ನಡುವಿನ ಎರಡು ಗೆರೆಗಳೇ ಇರಲಿಕ್ಕಿಲ್ಲ. ಅಥವಾ ಗೆರೆ ಇದ್ದರೂ ಒಳಗೆ ತಂತಿ ಜೋಡಿಸಿರುವುದಿಲ್ಲ. ಈಗಿನ ಟೈಪ್-ಸಿ ತುದಿಯಲ್ಲಿ 24 ಸಂಪರ್ಕ ಬಿಂದುಗಳಿದ್ದು, ಬರಿಗಣ್ಣಿನಲ್ಲಿ ಇದು ಇಂಥದ್ದು ಎಂದು ಗುರುತಿಸಲಾಗದು. ಕೇಬಲ್ಲಿನಲ್ಲಿ ಮಾಹಿತಿಯ ತಂತಿ ಇದೆಯೇ ಎಂದು ತಿಳಿಯಲು ಸುಲಭದ ದಾರಿ ಬೇರೆ ಇದೆ. ನಿಮ್ಮದೇ ಮನೆಯ ಅಥವಾ ನಂಬಿಕೆಯವರ ಕಂಪ್ಯೂಟರಿಗೆ ಜೋಡಿಸಿ. ಮೊಬೈಲಿನ ಮೇಲೆ ‘ಫೈಲ್ ಟ್ರಾನ್ಸ್‌ಫರ್’ ಎಂಬ ಆಯ್ಕೆಯೇ ಬಾರದೆ ಬರೀ ಚಾರ್ಜ್ ಆಗುತ್ತಿದ್ದರೆ ಅದು ಹೆಚ್ಚಾಗಿ ಚಾರ್ಜಿಂಗ್ ಕೇಬಲ್ ಮಾತ್ರ.

ವಿದ್ಯುತ್ತು ಮತ್ತು ಮಾಹಿತಿ ಒಂದೇ ರಂಧ್ರದಲ್ಲಿ ಬರುವುದರಿಂದ ಹುಟ್ಟಿದ ಭಯ ಇದು, ಹೊಸದೇನಲ್ಲ. 2011ರಲ್ಲಿ ಅಮೆರಿಕದ ಲಾಸ್ ವೇಗಾಸ್‌ನಲ್ಲಿ ನಡೆಯುವ ಡೆಫ್‌ಕಾನ್ ಎಂಬ ಹ್ಯಾಕರುಗಳ ಸಮ್ಮೇಳನದಲ್ಲಿ ಉಚಿತ ಚಾರ್ಜಿಂಗ್ ಕಟ್ಟೆಯೊಂದನ್ನು ಇಟ್ಟರು. ಬಂದವರು ಮೊಬೈಲ್ ಚುಚ್ಚಿದ ಕೂಡಲೇ ‘ಹೀಗೆ ಕಂಡಕಂಡಲ್ಲಿ ನಂಬಬೇಡಿ’ ಎಂಬ ಎಚ್ಚರಿಕೆ ಆ ಕಟ್ಟೆಯ ಪರದೆಯಲ್ಲಿ ಮೂಡುತ್ತಿತ್ತು. ಭದ್ರತೆಯನ್ನೇ ಹೊಟ್ಟೆಪಾಡು ಮಾಡಿಕೊಂಡವರೂ ಸಾಲಾಗಿ ಚುಚ್ಚಿದ್ದರು ಎನ್ನುವುದು ಅದರ ತಮಾಷೆ. ಚಾರ್ಜಿಂಗ್ ಪಾಯಿಂಟಿನ ಮೂಲಕ ಮಾಹಿತಿ ಕದಿಯುವುದಕ್ಕೆ ‘ಜ್ಯೂಸ್ ಜ್ಯಾಕಿಂಗ್’ ಎಂಬ ಹೆಸರು ಆಗಲೇ ಬಿತ್ತು. 2013ರಲ್ಲಿ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು ಚಾರ್ಜರಿನಂತೆ ಕೆಲಸ ಮಾಡುವ ಪುಟ್ಟ ಕಂಪ್ಯೂಟರೊಂದನ್ನು ಕಟ್ಟಿ, ಐಫೋನಿಗೆ ಜೋಡಿಸಿದ ಒಂದು ನಿಮಿಷದೊಳಗೆ ಅದರೊಳಗೆ ಕೆಟ್ಟ ತಂತ್ರಾಂಶ ಇಳಿಸಿ ತೋರಿಸಿದರು. ಅದೇ ವರ್ಷ ಬಂದ ಐಫೋನಿನ ಮೂಲ ತಂತ್ರಾಂಶ ಐಒಎಸ್ 7ರಲ್ಲಿ ‘ಈ ಕಂಪ್ಯೂಟರನ್ನು ನಂಬಬಹುದೇ?’ ಎಂಬ ಪ್ರಶ್ನೆ ಸೇರಿತು. ಆಂಡ್ರಾಯ್ಡ್ ಕೂಡ 2015ರ ಆರನೆಯ ಆವೃತ್ತಿಯಿಂದ, ಕೇಬಲ್ ಚುಚ್ಚಿದರೆ ಬರೀ ಚಾರ್ಜ್ ಆಗಲಿ, ಕಡತಗಳು ಬೇಕಿದ್ದರೆ ಮೊಬೈಲಿನ ಯಜಮಾನ ಒಪ್ಪಲಿ ಎಂಬ ಕ್ರಮಕ್ಕೆ ಬಂತು. ವಾಟ್ಸ್‌ಆ್ಯಪ್‌ನ ಎಚ್ಚರಿಕೆ ಸುತ್ತುತ್ತಿರುವುದು ಈ ಬದಲಾವಣೆಗಳಿಗೂ ಹಿಂದಿನ ಕಾಲದ ಲೆಕ್ಕದಲ್ಲಿ.

ಹಾಗೆಂದು ಎಚ್ಚರಿಕೆ ಕೊಟ್ಟವರೆಲ್ಲ ಕೆಲಸವಿಲ್ಲದವರಲ್ಲ. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರತಂದ ವಂಚನೆ ಜಾಗೃತಿ ಪುಸ್ತಿಕೆಯಲ್ಲೂ ಇದರ ಮಾತಿದೆ. 2023ರ ಏಪ್ರಿಲ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯ ಡೆನ್ವರ್ ಕಚೇರಿ ಮಾಡಿದ ಟ್ವೀಟ್ ಜಗತ್ತನ್ನೇ ಸುತ್ತಿತು. ಆದರೆ ವಿಮಾನ ನಿಲ್ದಾಣದ ಅಥವಾ ಬಸ್ ನಿಲ್ದಾಣದ ಚಾರ್ಜಿಂಗ್ ಪಾಯಿಂಟಿನಿಂದ ಸಾಮಾನ್ಯರ ಮೊಬೈಲ್ ದೋಚಿದ ದೃಢಪಟ್ಟ ಪ್ರಕರಣ ತನಗೆ ತಿಳಿದಿಲ್ಲ ಎಂದು ಅಮೆರಿಕದ ದೂರಸಂಪರ್ಕ ಆಯೋಗವೇ ತನ್ನ ಗ್ರಾಹಕ ಮಾಹಿತಿಯಲ್ಲಿ ಬರೆದುಕೊಂಡಿದೆ. ಕಳ್ಳನ ಕಡೆಯಿಂದ ಲೆಕ್ಕ ಹಾಕಿದರೂ ಇದು ಗಿಟ್ಟುವ ವ್ಯಾಪಾರವಲ್ಲ. ನಿಲ್ದಾಣಕ್ಕೆ ಬಂದು, ಪಾಯಿಂಟ್ ಬಿಚ್ಚಿ, ಯಂತ್ರ ಅಡಗಿಸಿ, ಯಾರೋ ಒಬ್ಬರು ಬೀಗ ತೆಗೆದು ‘ಸರಿ’ ಎನ್ನಲಿ ಎಂದು ಕಾಯಬೇಕು. ಅದೇ ಕಳ್ಳ ದೂರದೂರಿನಲ್ಲಿ ಕುಳಿತು ‘ಪಿಎಂ ಕಿಸಾನ್’ ಹೆಸರಿನ ಎಪಿಕೆ ಕಡತವನ್ನೋ (ಒತ್ತಿದರೆ ಆ್ಯಪ್ ಆಗಿ ಮೊಬೈಲಿನೊಳಗೆ ಕೂರುವ ಕಡತ) ಮದುವೆ ಕರೆಯೋಲೆಯ ಹೆಸರಿನ ಎಪಿಕೆಯನ್ನೋ ಸಾವಿರ ಜನರಿಗೆ ವಾಟ್ಸ್‌ಆ್ಯಪ್ ಮಾಡಿದರೆ ಖರ್ಚೂ ಇಲ್ಲ, ಸಿಕ್ಕಿಬೀಳುವ ಭಯವೂ ಕಡಿಮೆ. ನಿಮ್ಮ ಅಡಿಕೆ ಹಣಕ್ಕೆ ಕನ್ನ ಬೀಳುವುದಿದ್ದರೆ ಆ ದಾರಿಯಿಂದಲೇ ಹೆಚ್ಚು. ಅಂಥದ್ದೇನಾದರೂ ಆದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಕೇಬಲ್ ಮೂಲಕ ನಿಜಕ್ಕೂ ದಾಳಿ ನಡೆದದ್ದು ಎಲ್ಲಿ ಎಂದರೆ, ಸರ್ಬಿಯಾದಲ್ಲಿ. 2024ರ ಡಿಸೆಂಬರ್‌ನಲ್ಲಿ ಅಲ್ಲಿಯ ಪೊಲೀಸರು ವಿದ್ಯಾರ್ಥಿ ಹೋರಾಟಗಾರನೊಬ್ಬನ ಆಂಡ್ರಾಯ್ಡ್ ಮೊಬೈಲನ್ನು ವಶಕ್ಕೆ ಪಡೆದು, ಸೆಲ್ಲೆಬ್ರೈಟ್ ಎಂಬ ಕಂಪನಿಯ ಉಪಕರಣದಿಂದ ಅದರ ಬೀಗ ತೆರೆದರು ಎಂಬುದನ್ನು ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಮರುವರ್ಷದ ಫೆಬ್ರುವರಿಯಲ್ಲಿ ವಿವರವಾಗಿ ಬಯಲು ಮಾಡಿತು. ಬೀಗ ಹಾಕಿದ ಮೊಬೈಲ್ ಕೂಡ ಕೇಬಲ್ಲಿನ ಇನ್ನೊಂದು ತುದಿಯಲ್ಲಿರುವುದು ಏನು ಎಂದು ವಿಚಾರಿಸುತ್ತದೆ. ಆ ಉಪಕರಣ ‘ನಾನು ಕ್ಯಾಮೆರಾ’, ‘ನಾನು ಸೌಂಡ್ ಕಾರ್ಡ್’ ಎಂದೆಲ್ಲ ಸುಳ್ಳು ಹೇಳುತ್ತಾ, ಆಂಡ್ರಾಯ್ಡಿನ ತಳದಲ್ಲಿರುವ ಲಿನಕ್ಸ್ ಕರ್ನೆಲ್ ಎಂಬ ಮೂಲ ತಂತ್ರಾಂಶದಲ್ಲಿ ಇಂಥ ಸಾಧನಗಳನ್ನು ನೋಡಿಕೊಳ್ಳುವ ಭಾಗದ ದೋಷಗಳನ್ನು ಬಳಸಿಕೊಂಡಿತು. ಇದು ಪ್ರಭುತ್ವಗಳು ಕೊಳ್ಳುವ ದುಬಾರಿ ಸಾಧನ. ಮೊಬೈಲ್ ಅವರ ಕೈಯಲ್ಲೇ ಇರಬೇಕು. ತೋಟ ನೋಡಿಕೊಂಡಿರುವವರ ಮೇಲೆ ಇದನ್ನು ಯಾರೂ ಹೂಡುವುದಿಲ್ಲ. ಪತ್ರಕರ್ತರು, ಹೋರಾಟಗಾರರು, ವಕೀಲರು ಇದನ್ನು ಓದುತ್ತಿದ್ದರೆ ಅವರ ಲೆಕ್ಕ ಬೇರೆ. ಅವರಿಗೆ ಕೆಳಗೆ ಒಂದೆರಡು ಮಾತು ಇದೆ.

ಒಪ್ಪಿಗೆಯ ಪ್ರಶ್ನೆಯನ್ನೇ ದಾಟುವ ಉಪಾಯವೂ ಪ್ರಯೋಗಾಲಯದಲ್ಲಿ ಸಾಧ್ಯವಾಗಿದೆ. 2025ರಲ್ಲಿ ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದವರು ‘ಚಾಯ್ಸ್‌ಜ್ಯಾಕಿಂಗ್’ ಎಂದು ಹೆಸರಿಟ್ಟು ಪ್ರಕಟಿಸಿದ ಕೆಲಸ ಅದು. ಅವರ ಚಾರ್ಜರ್ ಮೊದಲು ಕೀಬೋರ್ಡಿನ ವೇಷ ಹಾಕಿ ಮೊಬೈಲಿನ ಬ್ಲೂಟೂತ್ ಆನ್ ಮಾಡಿ, ತನ್ನದೇ ಬ್ಲೂಟೂತ್ ಕೀಬೋರ್ಡನ್ನು ಜೋಡಿಸಿಕೊಳ್ಳುತ್ತದೆ. ಆಮೇಲೆ ವೇಷ ಬದಲಿಸಿ ಕಂಪ್ಯೂಟರ್ ಆಗುತ್ತದೆ. ‘ಅನುಮತಿ ಕೊಡಲೇ?’ ಎಂದು ಮೊಬೈಲ್ ಕೇಳಿದಾಗ ಬ್ಲೂಟೂತ್ ಕೀಬೋರ್ಡಿನಿಂದ ತಾನೇ ‘ಸರಿ’ ಒತ್ತುತ್ತದೆ. ಕೇಳುವವನೂ ಒಪ್ಪುವವನೂ ಒಬ್ಬನೇ! ಎಂಟು ಕಂಪನಿಗಳ ಮೊಬೈಲುಗಳನ್ನು ಪರೀಕ್ಷಿಸಿದ್ದರು. ಆ್ಯಪಲ್ ಐಒಎಸ್ 18.4ರಲ್ಲಿ, ಗೂಗಲ್ ಆಂಡ್ರಾಯ್ಡ್ 15ರಲ್ಲಿ ಇದಕ್ಕೆ ತೇಪೆ ಹಾಕಿ, ಬರೀ ‘ಸರಿ’ ಸಾಲದು, ಪಿನ್ ಅಥವಾ ಬೆರಳಚ್ಚು ಬೇಕು ಎಂದವು. ಉಳಿದ ಕಂಪನಿಗಳು ತಮ್ಮ ತಮ್ಮ ಗತಿಯಲ್ಲಿ ಹಿಂದೆ ಬರುತ್ತಿವೆ. ಈ ದಾಳಿಗೆ ಮೊಬೈಲಿನ ಬೀಗ ತೆರೆದಿರುವ ಸಂದರ್ಭವೇ ಹೆಚ್ಚು ಅನುಕೂಲ. ಆದ್ದರಿಂದ ನಿಲ್ದಾಣದಲ್ಲಿ ಚಾರ್ಜಿಗೆ ಹಾಕಿಕೊಂಡು ರೀಲ್ಸ್ ನೋಡುತ್ತಾ ಕೂರುವ ಅಭ್ಯಾಸವನ್ನು ಬಿಡಿ. ಚುಚ್ಚಿ, ಬೀಗ ಹಾಕಿ, ಸುಮ್ಮನಿರಿ.

ಇದಕ್ಕಿಂತ ನೇರವಾದ ದಾರಿ ನಿಮ್ಮದೇ ಅಡಾಪ್ಟರ್. ಗೋಡೆಯ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಬರುವುದು 230 ವೋಲ್ಟ್ ವಿದ್ಯುತ್ತು ಮಾತ್ರ, ಮಾಹಿತಿ ಅಲ್ಲ. ನಿಮ್ಮ ಅಡಾಪ್ಟರ್, ನಿಮ್ಮ ಕೇಬಲ್ ಇದ್ದರೆ ಆಸ್ಪತ್ರೆಯ ವಾರ್ಡಾಗಲಿ, ತಾಳಗುಪ್ಪ ರೈಲಾಗಲಿ, ಸೋಗಾನೆಯ ವಿಮಾನ ನಿಲ್ದಾಣವಾಗಲಿ ಒಂದೇ. ಬಸ್ಸಿನ ಸೀಟಿನ ಪಕ್ಕದ ಯುಎಸ್‌ಬಿ ರಂಧ್ರಗಳಲ್ಲಿ ಸಾಮಾನ್ಯವಾಗಿ ವಾಹನದ ಬ್ಯಾಟರಿಯಿಂದ ವಿದ್ಯುತ್ತು ಇಳಿಸಿಕೊಡುವ ಸರಳ ಸರ್ಕ್ಯೂಟು ಮಾತ್ರ ಇರುತ್ತದೆ. ಜೀಪಿನ ಮ್ಯೂಸಿಕ್ ಸಿಸ್ಟಂ ಹಾಗಲ್ಲ. ಅದು ಮಾಹಿತಿಯನ್ನೂ ಕೇಳುತ್ತದೆ. ಕೊಡಚಾದ್ರಿಗೆ ಹತ್ತುವ ಜೀಪಿನಲ್ಲಿ ಹಾಡು ಹಾಕಲು ಮೊಬೈಲ್ ಚುಚ್ಚಿದಾಗ ಸಂಪರ್ಕ ಸಂಖ್ಯೆಗಳಿಗೆ ಅನುಮತಿ ಕೇಳಿದರೆ ಬೇಡ ಎನ್ನಿ. ಹಾಡಿಗೆ ನಿಮ್ಮ ಅತ್ತೆಯ ಫೋನ್ ನಂಬರ್ ಬೇಕಿಲ್ಲ.

ಈಗ ಜೆರಾಕ್ಸ್ ಅಂಗಡಿಗೆ ಬರೋಣ.

ತಾಲ್ಲೂಕು ಕಚೇರಿಯ ಆಸುಪಾಸಿನ ಯಾವುದೇ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು. ಅರ್ಜಿಯ ಕೊನೆಯ ದಿನ. ಹೊರಗೆ ಮಳೆ, ಒಳಗೆ ಹತ್ತು ಜನ. ಗಿರಾಕಿ ಬೀಗ ತೆಗೆದ ಮೊಬೈಲನ್ನೇ ಮೇಜಿನ ಮೇಲಿಂದ ದಾಟಿಸುತ್ತಾರೆ. ಹುಡುಗ ಕೇಬಲ್ ಚುಚ್ಚುತ್ತಾನೆ, ಬಂದ ಪ್ರಶ್ನೆಗೆ ‘ಫೈಲ್ ಟ್ರಾನ್ಸ್‌ಫರ್’ ಎಂದು ತಾನೇ ಒತ್ತುತ್ತಾನೆ, ಕಡತವನ್ನು ಡೆಸ್ಕ್‌ಟಾಪಿಗೆ ಎಳೆದು ಪ್ರಿಂಟ್ ಕೊಡುತ್ತಾನೆ. ಎಳೆದ ಕಡತ ಅಲ್ಲೇ ಉಳಿಯುತ್ತದೆ. ಡೆಸ್ಕ್‌ಟಾಪಿನ ತುಂಬ ಯಾರ ಯಾರದೋ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್. ಹುಡುಗನಿಗೆ ಕೆಟ್ಟ ಬುದ್ಧಿ ಇದೆ ಎಂದು ನಾನು ಹೇಳುತ್ತಿಲ್ಲ. ಅವನಿಗೆ ಅಳಿಸಲು ಪುರುಸೊತ್ತಿಲ್ಲ, ಅಷ್ಟೇ. ಆದರೆ ಆ ಕಂಪ್ಯೂಟರಿಗೆ ದಿನಕ್ಕೆ ಎಷ್ಟು ಪೆನ್‌ಡ್ರೈವ್ ಬಂದು ಹೋಗುತ್ತವೆ, ಅದರ ವಿಂಡೋಸ್ ಯಾವ ಕಾಲದ್ದು, ಅದರೊಳಗೆ ಯಾವ ವೈರಸ್ ಮನೆಮಾಡಿದೆ ಎಂಬುದು ಅವನಿಗೂ ಗೊತ್ತಿರುವುದಿಲ್ಲ.

ನೀವು ‘ಫೈಲ್ ಟ್ರಾನ್ಸ್‌ಫರ್’ಗೆ ಒಪ್ಪಿದರೆ ಒಂದು ಕಡತ ಮಾತ್ರ ಹೋಗುವುದಿಲ್ಲ. ಕೇಬಲ್ ತೆಗೆಯುವವರೆಗೆ ಆ ಕಂಪ್ಯೂಟರಿಗೆ ಮೊಬೈಲಿನ ಸಾಮಾನ್ಯ ಸಂಗ್ರಹವೆಲ್ಲ ತೆರೆದಿರುತ್ತದೆ. ಕ್ಯಾಮೆರಾದ ಚಿತ್ರಗಳು, ಡೌನ್‌ಲೋಡ್ ಕಡತಗಳು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ, ವಿಡಿಯೊ, ಪಿಡಿಎಫ್ ಎಲ್ಲವೂ. ಮೊಬೈಲ್ ಜೋಡಿಸಿದ ಕೂಡಲೇ ಚಿತ್ರಗಳನ್ನೆಲ್ಲ ನಕಲಿಸಿಕೊಳ್ಳುವಂತೆ ವಿಂಡೋಸನ್ನು ಹೊಂದಿಸಿಡಲೂ ಬರುತ್ತದೆ. ಬ್ಯಾಂಕ್ ಆ್ಯಪಿನ ಒಳಗಿನ ಮಾಹಿತಿ, ಯುಪಿಐ ಪಿನ್ ಈ ದಾರಿಯಲ್ಲಿ ಸಿಗುವುದಿಲ್ಲ; ಆ್ಯಪುಗಳ ಖಾಸಗಿ ಜಾಗವನ್ನು ಆಂಡ್ರಾಯ್ಡ್ ಬೇರೆಯೇ ಇಡುತ್ತದೆ. ವಾಟ್ಸ್‌ಆ್ಯಪ್ ಮಾತುಕತೆಯ ಬ್ಯಾಕಪ್ ಕೂಡ ಗೂಢಲಿಪಿಯಲ್ಲಿರುತ್ತದೆ. ಆದರೆ ನಮ್ಮವರ ಗ್ಯಾಲರಿ ಬಿಚ್ಚಿ ನೋಡಿ: ಮನೆಮಂದಿಯ ಆಧಾರ್, ಪಾನ್, ಎಟಿಎಂ ಕಾರ್ಡಿನ ಎರಡೂ ಬದಿ, ಮರೆತುಹೋದೀತೆಂದು ಚೀಟಿಯಲ್ಲಿ ಬರೆದ ಪಾಸ್‌ವರ್ಡಿನ ಫೋಟೊ! ಬ್ಯಾಂಕ್ ಆ್ಯಪನ್ನು ಒಡೆಯುವ ಶ್ರಮ ಯಾಕೆ ಬೇಕು?

ಆದ್ದರಿಂದ ಪ್ರಿಂಟಿಗೆ ಕೇಬಲ್ ಬೇಡವೇ ಬೇಡ. ಬೇಕಾದ ಒಂದೇ ಕಡತವನ್ನು ಅಂಗಡಿಯ ವಾಟ್ಸ್‌ಆ್ಯಪ್ ಸಂಖ್ಯೆಗೋ ಇಮೇಲಿಗೋ ನೀವೇ ಕಳುಹಿಸಿ. ಮೊಬೈಲ್ ನಿಮ್ಮ ಕೈಯಲ್ಲೇ ಇರುತ್ತದೆ. ಪ್ರಿಂಟ್ ಆದ ಮೇಲೆ ಅಳಿಸಲು ಹೇಳಿ, ನಿಂತು ನೋಡಿ, ಸಂಕೋಚ ಬೇಡ. ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ವಾಟ್ಸ್‌ಆ್ಯಪ್ ತೆರೆಯುವುದು ಮಾತ್ರ ಬೇಡ, ಅದು ಕೇಬಲ್ಲಿಗಿಂತ ಕೆಟ್ಟದ್ದು. ಆಧಾರ್ ಕೊಡುವಾಗ ಆಧಾರ್ ಪ್ರಾಧಿಕಾರದ (ಯುಐಡಿಎಐ) ತಾಣದಿಂದ ಮರೆಮಾಚಿದ ಪ್ರತಿ, ಅಂದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ, ಇಳಿಸಿಕೊಳ್ಳಬಹುದು. ಇಂಥ ಕಾಗದಗಳ ಫೋಟೊಗಳನ್ನು ಗ್ಯಾಲರಿಯಿಂದ ತೆಗೆದು ಗೂಗಲ್ ಫೈಲ್ಸ್ ಆ್ಯಪಿನ ‘ಸೇಫ್ ಫೋಲ್ಡರ್’ಗೋ ಸ್ಯಾಮ್‌ಸಂಗಿನ ‘ಸೆಕ್ಯೂರ್ ಫೋಲ್ಡರ್’ಗೋ ಸೇರಿಸಿಟ್ಟರೆ ಕೇಬಲ್ ಹಾಕಿದರೂ ಅವು ಕಾಣುವುದಿಲ್ಲ. ಎಟಿಎಂ ಕಾರ್ಡಿನ ಫೋಟೊ ಎಲ್ಲೂ ಬೇಡ.

ಐಫೋನ್ ಇರುವವರಿಗೆ ಇದು ಇನ್ನೂ ಗಂಭೀರ. ‘ನಂಬುತ್ತೇನೆ’ ಎಂದು ಒತ್ತಿ ಪಾಸ್‌ಕೋಡ್ ಹಾಕಿದರೆ ಆ ಕಂಪ್ಯೂಟರಿಗೆ ಮನೆಯ ಕೀಲಿಯ ನಕಲು ಕೊಟ್ಟಂತೆ: ಇಡೀ ಮೊಬೈಲಿನ ಬ್ಯಾಕಪ್ ತೆಗೆಯುವ ಹಕ್ಕು ಸಿಗುತ್ತದೆ, ಮುಂದಿನ ಸಲ ಪ್ರಶ್ನೆಯೂ ಬಾರದೆ ಇರಬಹುದು. ಹಿಂದೆ ಹೀಗೆ ಒತ್ತಿದ್ದರೆ ಸೆಟ್ಟಿಂಗ್ಸಿನ ಜನರಲ್ ವಿಭಾಗದ ಕೊನೆಯಲ್ಲಿರುವ ರೀಸೆಟ್‌ಗೆ ಹೋಗಿ ‘ರೀಸೆಟ್ ಲೊಕೇಶನ್ ಆ್ಯಂಡ್ ಪ್ರೈವಸಿ’ ಆರಿಸಿ. ಹಳೆಯ ನಂಬಿಕೆಗಳೆಲ್ಲ ರದ್ದಾಗುತ್ತವೆ.

ಜೆರಾಕ್ಸ್ ಅಂಗಡಿಗಿಂತ ಒಂದು ಮೆಟ್ಟಿಲು ಮೇಲಿನದು ರಿಪೇರಿ ಅಂಗಡಿ. ಅಲ್ಲಿ ಕೇಳಿಬರುವ ಹೆಸರು ‘ಯುಎಸ್‌ಬಿ ಡಿಬಗ್ಗಿಂಗ್’. ಇದು ಆ್ಯಪ್ ತಯಾರಿಸುವವರಿಗೆಂದು ಇರುವ ಸೌಲಭ್ಯ. ಆನ್ ಆಗಿದ್ದು ಕಂಪ್ಯೂಟರಿಗೆ ಒಪ್ಪಿಗೆಯೂ ಸಿಕ್ಕಿದರೆ, ಆ ಕಂಪ್ಯೂಟರ್ ಆ್ಯಪುಗಳನ್ನು ಹಾಕಬಹುದು, ತೆಗೆಯಬಹುದು, ಅವಕ್ಕೆ ಅನುಮತಿ ಕೊಡಬಹುದು, ನಿಮ್ಮ ಪರದೆಯ ಚಿತ್ರ ತೆಗೆಯಬಹುದು. ಕೇಬಲ್ ಮೂಲಕ ಸಾಮಾನ್ಯರಿಗೆ ಆಗಬಹುದಾದ ಅತಿ ದೊಡ್ಡ ಹಾನಿ ಇದೇ ಬಾಗಿಲಿನದು. ಒಪ್ಪಿಗೆ ಕೇಳುವ ಪೆಟ್ಟಿಗೆಯಲ್ಲಿ ‘ಈ ಕಂಪ್ಯೂಟರಿಗೆ ಯಾವಾಗಲೂ ಅನುಮತಿಸಿ’ ಎಂಬ ಸಣ್ಣ ಚೌಕವೂ ಇರುತ್ತದೆ. ರಿಪೇರಿಯವನು ಅವಸರದಲ್ಲಿ ಅದಕ್ಕೆ ಗುರುತು ಹಾಕಿ, ಕೆಲಸ ಮುಗಿದ ಮೇಲೆ ಆಫ್ ಮಾಡಲು ಮರೆತಿರುವುದು ಸಾಧ್ಯ. ಇವತ್ತೇ ಒಮ್ಮೆ ನೋಡಿ: ಸೆಟ್ಟಿಂಗ್ಸಿನ ಹುಡುಕಾಟದಲ್ಲಿ ‘ಡೆವಲಪರ್ ಆಪ್ಷನ್ಸ್’ ಎಂದು ಹಾಕಿ. ಅದೇ ಕಾಣದಿದ್ದರೆ ನೆಮ್ಮದಿ. ಆ ಪಟ್ಟಿ ತಾನಾಗಿ ತೆರೆಯುವುದಿಲ್ಲ, ಯಾರಾದರೂ ‘ಬಿಲ್ಡ್ ನಂಬರ್’ ಮೇಲೆ ಏಳು ಸಲ ಒತ್ತಿರಬೇಕು. ಕಂಡರೆ, ಡಿಬಗ್ಗಿಂಗ್ ಅನುಮತಿಗಳನ್ನು ಹಿಂಪಡೆಯುವ ಸಾಲನ್ನು ಮೊದಲು ಒತ್ತಿ, ಆಮೇಲೆ ಇಡೀ ಪಟ್ಟಿಯನ್ನು ಆಫ್ ಮಾಡಿ.

ರಿಪೇರಿಗೆ ಕೊಡುವಾಗ ಪಿನ್ ಬರೆದುಕೊಡುವ ಪದ್ಧತಿ ನಮ್ಮಲ್ಲಿ ಸರ್ವೇಸಾಮಾನ್ಯ. ಸ್ಯಾಮ್‌ಸಂಗಿನ ಹೊಸ ಮೊಬೈಲುಗಳಲ್ಲಿ ‘ಮೇಂಟೆನೆನ್ಸ್ ಮೋಡ್’, ಗೂಗಲ್ಲಿನ ಪಿಕ್ಸೆಲ್ ಮೊಬೈಲುಗಳಲ್ಲಿ ‘ರಿಪೇರಿ ಮೋಡ್’ ಇವೆ. ಆನ್ ಮಾಡಿ ಕೊಟ್ಟರೆ ಪರದೆ, ಸ್ಪೀಕರ್ ಎಲ್ಲ ಪರೀಕ್ಷಿಸಬಹುದು. ನಿಮ್ಮ ಚಿತ್ರ, ಸಂದೇಶ ಕಾಣುವುದಿಲ್ಲ.

ಇನ್ನು ಇನ್ವರ್ಟರ್ ಇರುವ ಅಂಗಡಿ. ನಾಲ್ಕು ತಾಸು ಮೊಬೈಲ್ ಬಿಟ್ಟು ಬರುವುದರಲ್ಲಿ ಕೇಬಲ್ಲಿನದು ಚಿಕ್ಕ ಪಾತ್ರ. ಮೊಬೈಲ್ ನಿಮ್ಮ ಕಣ್ಣಳತೆಯಲ್ಲಿ ಇರುವುದಿಲ್ಲ ಎನ್ನುವುದೇ ದೊಡ್ಡದು. ಇಡುವ ಮೊದಲು ಪೂರ್ತಿ ಸ್ವಿಚ್ ಆಫ್ ಮಾಡಿ. ಮತ್ತೆ ಆನ್ ಆದ ಮೇಲೆ ಪಿನ್ ಹಾಕುವವರೆಗೆ ಈಗಿನ ಮೊಬೈಲುಗಳಲ್ಲಿ ನಿಮ್ಮ ಕಡತಗಳು ಗೂಢಲಿಪಿಯಲ್ಲೇ ಇರುತ್ತವೆ, ಬೆರಳಚ್ಚೂ ಕೆಲಸ ಮಾಡುವುದಿಲ್ಲ. ಚಾರ್ಜೂ ಬೇಗ ಏರುತ್ತದೆ. ಆದರೆ ಸಿಮ್ಮನ್ನು ಮರೆಯಬೇಡಿ. ಅದನ್ನು ಕಿತ್ತು ಬೇರೆ ಮೊಬೈಲಿಗೆ ಹಾಕಿದರೆ ಒಟಿಪಿ ಅಲ್ಲಿಗೆ ಹೋಗುತ್ತದೆ. ನಿಮ್ಮ ಮೊಬೈಲಿನ ಬೀಗ ಎಷ್ಟೇ ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಸಿಮ್ಮಿಗೇ ಪಿನ್ ಹಾಕುವ ‘ಸಿಮ್ ಲಾಕ್’ ಸೆಟ್ಟಿಂಗ್ಸಿನಲ್ಲಿ ಇದೆ. ಮೂಲ ಪಿನ್ ಯಾವುದೆಂದು ನಿಮ್ಮ ಸೇವಾ ಕಂಪನಿಯಿಂದ ಕೇಳಿಕೊಂಡೇ ಅದಕ್ಕೆ ಕೈಹಾಕಿ. ಮೂರು ಸಲ ತಪ್ಪಿದರೆ ಸಿಮ್ಮಿನ ಬೀಗ ಬಿಡಿಸುವ ಪಿಯುಕೆ ಸಂಖ್ಯೆ ಕೇಳುತ್ತದೆ, ಆಗ ಪೇಟೆಗೆ ಇನ್ನೊಂದು ಓಡಾಟ. ಬೀಗ ಹಾಕಿದ ಪರದೆಯ ಮೇಲೆ ಸಂದೇಶದ ಒಳಗಿನ ಮಾತು ಕಾಣದಂತೆಯೂ ಮಾಡಿಡಿ. ಇಲ್ಲದಿದ್ದರೆ ಒಟಿಪಿ ಓದಲು ಬೀಗ ತೆಗೆಯುವ ಅಗತ್ಯವೇ ಇರುವುದಿಲ್ಲ.

ನನ್ನನ್ನು ಕೇಳಿದರೆ, ಆ ಅಂಗಡಿಗೆ ಮೊಬೈಲ್ ಕಳುಹಿಸುವ ಬದಲು ಪವರ್ ಬ್ಯಾಂಕ್ ಕಳುಹಿಸಿ. 20,000 ಎಂಎಎಚ್‌ನ ಒಂದು ಸಾಮಾನ್ಯ ಪವರ್ ಬ್ಯಾಂಕ್ ಎರಡು ಮೊಬೈಲುಗಳಿಗೆ ಒಂದೊಂದು ಸಲವಂತೂ ಧಾರಾಳವಾಗಿ ಸಾಕು. ಅದರಲ್ಲಿ ಕದಿಯಲು ಏನೂ ಇಲ್ಲ. ಮಳೆಗಾಲಕ್ಕೆ ಸೌದೆ ಒಟ್ಟುವವರು ಇದನ್ನೂ ಒಂದು ತಂದಿಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ.

ಡೇಟಾ ಬ್ಲಾಕರ್ ಕೆಟ್ಟಿಲ್ಲ, ತನ್ನ ಕೆಲಸವನ್ನು ತುಸು ಹೆಚ್ಚೇ ನಿಷ್ಠೆಯಿಂದ ಮಾಡುತ್ತಿದೆ. ಚಾರ್ಜರಿಗೂ ಮೊಬೈಲಿಗೂ ನಡುವೆ ‘ಎಷ್ಟು ಕೊಡಬಲ್ಲೆ, ಎಷ್ಟು ಬೇಕು’ ಎಂಬ ಮಾತುಕತೆ ನಡೆಯಬೇಕು. ಹಳೆಯ ಮಾದರಿಯ ಕೇಬಲ್ಲಿನಲ್ಲಿ ಆ ಮಾತುಕತೆ ನಡೆಯುವುದು ಮಾಹಿತಿಯ ತಂತಿಗಳ ಮೇಲೆಯೇ. ಹಲವು ಕಂಪನಿಗಳ ವೇಗದ ಚಾರ್ಜಿಂಗ್ ಕೂಡ ಅವನ್ನೇ ನಂಬಿಕೊಂಡಿದೆ. ಬ್ಲಾಕರ್ ಆ ತಂತಿಗಳನ್ನು ಕತ್ತರಿಸಿದಾಗ ಮೊಬೈಲ್ ಸಂಕೋಚದಿಂದ ಅತಿ ಕಡಿಮೆ ಪಾಲು ತೆಗೆದುಕೊಳ್ಳುತ್ತದೆ: 5 ವೋಲ್ಟ್, ಅರ್ಧ ಆಂಪಿಯರ್, ಅಂದರೆ ಎರಡೂವರೆ ವಾಟ್. 5,000 ಎಂಎಎಚ್ ಬ್ಯಾಟರಿ ಎಂದರೆ ಸುಮಾರು 19 ವಾಟ್-ತಾಸು. ನಡುವೆ ಸೋರುವುದನ್ನೂ ಸೇರಿಸಿದರೆ ತುಂಬಲು ಎಂಟು ಹತ್ತು ತಾಸು. ಅದರ ಮೇಲೆ ನಿಮ್ಮ ಊರಿನಲ್ಲಿ ಸಿಗ್ನಲ್ ಒಂದು ಗೆರೆ ಇದ್ದರೆ ಹೆಚ್ಚು. ಕರೆಂಟು ಹೋದ ಎರಡನೆಯ ದಿನ ಟವರೇ ಮಲಗಿರುತ್ತದೆ. ಮೊಬೈಲ್ ಟವರನ್ನು ಹುಡುಕುತ್ತಾ, ಒಂದು ಕಡೆಯಿಂದ ಬಂದದ್ದನ್ನು ಇನ್ನೊಂದು ಕಡೆಯಿಂದ ಖರ್ಚು ಮಾಡುತ್ತದೆ. ಏರೋಪ್ಲೇನ್ ಮೋಡಿಗೆ ಹಾಕಿ ಚಾರ್ಜ್ ಮಾಡಿ ನೋಡಿ, ಏರುತ್ತದೆ. ಮೊಬೈಲಿನ ಕಡೆಯ ಎರಡು ಮಾಹಿತಿ ತಂತಿಗಳನ್ನು ಒಳಗೇ ಒಂದಕ್ಕೊಂದು ಕೂಡಿಸಿರುವ ಬ್ಲಾಕರುಗಳೂ ಇವೆ. ಅವುಗಳಲ್ಲಿ ಇದಕ್ಕಿಂತ ವೇಗ ಸಿಗುತ್ತದೆ. ಮನೆಯಲ್ಲಿ, ನಿಮ್ಮದೇ ಅಡಾಪ್ಟರಿನ ಜೊತೆ ಬ್ಲಾಕರ್ ಹಾಕುವುದು ವ್ಯರ್ಥ. ಮಗ ಪ್ರೀತಿಯಿಂದ ಕಳುಹಿಸಿದ್ದು, ಪ್ರಯಾಣದ ಚೀಲದಲ್ಲಿರಲಿ.

ಮೊಬೈಲಿನೊಳಗೆ ಮಾಡಿಡಬೇಕಾದ ಕೆಲಸ ಹೆಚ್ಚಿಲ್ಲ. ಸೆಟ್ಟಿಂಗ್ಸಿನಲ್ಲಿ ‘ಸೆಕ್ಯೂರಿಟಿ ಅಪ್‌ಡೇಟ್’ ದಿನಾಂಕ ನೋಡಿ. ಸರ್ಬಿಯಾದಲ್ಲಿ ಬಳಸಿದ ಮತ್ತು ಅದಕ್ಕೆ ಸಂಬಂಧಪಟ್ಟ ದೋಷಗಳಿಗೆ ಗೂಗಲ್ ತೇಪೆ ಕೊಟ್ಟದ್ದು 2025ರ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲಿ. ನಿಮ್ಮ ದಿನಾಂಕ ಅದಕ್ಕಿಂತ ಹಿಂದಿನದಾಗಿದ್ದು, ಕಂಪನಿ ಹೊಸದನ್ನು ಕಳುಹಿಸುವುದನ್ನೇ ನಿಲ್ಲಿಸಿದ್ದರೆ, ಬ್ಯಾಂಕ್ ಆ್ಯಪನ್ನು ಮನೆಯ ಬೇರೆ ಹೊಸ ಮೊಬೈಲಿಗೆ ಸಾಗಿಸುವುದು ಮೇಲು. ಸ್ಯಾಮ್‌ಸಂಗ್ ಇದ್ದವರು ‘ಆಟೋ ಬ್ಲಾಕರ್’ ಆನ್ ಮಾಡಿ. ಕೇಬಲ್ ಮೂಲಕ ಬರುವ ಆಜ್ಞೆಗಳನ್ನೂ ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆಗಳನ್ನೂ ಅದು ಒಟ್ಟಿಗೇ ತಡೆಯುತ್ತದೆ. ನಮ್ಮ ಕಡೆಗೆ ಇಷ್ಟು ಒದಗಿಬರುವ ಸ್ವಿಚ್ ಇನ್ನೊಂದಿಲ್ಲ.

ವಕೀಲರು, ಪತ್ರಕರ್ತರಿಗೆ ಹೇಳಬೇಕಿದ್ದ ಮಾತು ಇಷ್ಟು. ಐಫೋನ್ 2018ರ 11.4.1 ಆವೃತ್ತಿಯಿಂದಲೂ, ಬೀಗ ಬಿದ್ದು ಒಂದು ತಾಸು ಕಳೆದರೆ ಹೊಸ ಸಾಧನಗಳೊಂದಿಗೆ ಮಾತನಾಡುವುದನ್ನು ನಿಲ್ಲಿಸುತ್ತದೆ. ಅದಕ್ಕೂ ಹೆಚ್ಚಿನದು ಬೇಕಿದ್ದರೆ, ಹಲವು ಸೌಲಭ್ಯಗಳನ್ನು ಮುಚ್ಚಿ ರಕ್ಷಣೆ ಬಿಗಿ ಮಾಡುವ ‘ಲಾಕ್‌ಡೌನ್ ಮೋಡ್’ ಇದೆ. ಆಂಡ್ರಾಯ್ಡ್ 16ರ ‘ಅಡ್ವಾನ್ಸ್ಡ್ ಪ್ರೊಟೆಕ್ಷನ್’ ಅದೇ ಜಾತಿಯದು. ಎರಡೂ ಕಡೆ, ಮೂರು ದಿನ ಯಾರೂ ಬೀಗ ತೆಗೆಯದಿದ್ದರೆ ಮೊಬೈಲ್ ತಾನಾಗಿ ರೀಸ್ಟಾರ್ಟ್ ಆಗುವ ಏರ್ಪಾಡೂ ಬಂದಿದೆ. ರೀಸ್ಟಾರ್ಟ್ ಆದ ಮೇಲೆ ಪಿನ್ ಹಾಕುವವರೆಗೆ ಕಡತಗಳು ಗೂಢಲಿಪಿಯಲ್ಲೇ ಇರುವುದರಿಂದ, ವಶಕ್ಕೆ ಹೋದ ಮೊಬೈಲಿನ ವಿಷಯದಲ್ಲಿ ಇದರ ಬೆಲೆ ದೊಡ್ಡದು.

ನೀವು ಕೇಳದೆ ಬಿಟ್ಟ ಒಂದು ಮಾತು ಉಳಿದಿದೆ. ಮಲೆನಾಡಿನಲ್ಲಿ ತಂತಿಯ ಮೂಲಕ ಬಂದು ಮೊಬೈಲನ್ನು ಹಾಳು ಮಾಡುವುದರಲ್ಲಿ ಹ್ಯಾಕರಿಗಿಂತ ಎಷ್ಟೋ ಮುಂದಿರುವುದು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆಯಲ್ಲಿ ಲೈನಿನ ಮೇಲೆ ಬರುವ ಹೊಡೆತಕ್ಕೆ ಅಡಾಪ್ಟರ್ ಸುಟ್ಟು, ಅದರೊಂದಿಗೆ ಮೊಬೈಲಿನ ಚಾರ್ಜಿಂಗ್ ಭಾಗವೂ ಹೋಗಬಹುದು. ಹೋದ ಕರೆಂಟು ಮರಳಿ ಬರುವ ಗಳಿಗೆಯ ಏರಿಳಿತವೂ ಒಳ್ಳೆಯದಲ್ಲ. ಬಂದ ಮೇಲೆ ಐದು ನಿಮಿಷ ತಡೆದು ಚಾರ್ಜಿಗೆ ಹಾಕಿ. ಗುಡುಗು ದೂರದಲ್ಲಿ ಕೇಳಿಸುವಾಗಲೇ ಅಡಾಪ್ಟರನ್ನು ಸಾಕೆಟ್ಟಿನಿಂದ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.